ಹನ್ನೊಂದು ವರ್ಷದ ನೀರು

ಕೆರ ಕೆರ ಕೆರ, ಪ್ಲಾಸ್ಟಿಕ್ಕಿನ ಮೇಲೆ ಉಗುರಿನ ಸದ್ದು, ಆಟೋದ ಗಡಗಡದ ಒಳಗಿನಿಂದಲೂ ಕೇಳುತ್ತದೆ, ಇದು ಮೋಮೋ ಅಲ್ಲ, ಮೋಮೋ ಹೆದರಿದರೆ ತಲೆ ಕಾಲು ಎಲ್ಲ ಒಳಗೆಳೆದುಕೊಂಡು ಸುಮ್ಮನಾಗುತ್ತಾಳೆ, ಇದು ಚಟ್ನಿ, ಟಬ್ಬಿನ ಗೋಡೆ ಹತ್ತಿ ಮುನಿರ್ಕಾದಲ್ಲೇ ಇಳಿದುಬಿಡುತ್ತೇನೆ ಅನ್ನುವ ಹಾಗೆ ಕೆರೆಯುತ್ತಿದ್ದಾನೆ, ಒದ್ದೆ ಟವೆಲನ್ನು ಇನ್ನೊಂದು ಚೂರು ಎಳೆದು ಮುಚ್ಚಿದೆ, ಆಯಿತಪ್ಪ, ಇನ್ನು ಹತ್ತು ನಿಮಿಷ — ಯಾರಿಗೆ ಹೇಳುತ್ತಿದ್ದೇನೆ, ಆಮೆಗೆ ಕಿವಿ ಕೇಳುತ್ತದೋ ಇಲ್ಲವೋ, ಕೆನ್ನೆಯ ಮೇಲಿನ ಕೆಂಪು ಪಟ್ಟೆಯ ಹತ್ತಿರವೇ ಕಿವಿ ಇರುವುದು ಅಂತ ಶ್ರೇಯಸ್ ಒಂಬತ್ತು ವರ್ಷದವನಿದ್ದಾಗ ನನಗೆ ಪಾಠ ಮಾಡಿದ್ದ, ಈಗ ಅವನಿಗೆ ಇಪ್ಪತ್ತು, ಅವನ ಆಮೆಗಳು ನನ್ನ ಕಾಲ ಬಳಿ ಟಬ್ಬಿನಲ್ಲಿ. ಕ್ಯಾ ಹೈ ಮೇಡಮ್ ಇಸ್ ಮೇಂ ಅಂತ ಆಟೋದವನು ಕನ್ನಡಿಯಲ್ಲೇ ನೋಡಿ ಕೇಳುತ್ತಾನೆ, ಕಛುವೇ ಹೈಂ ಭಯ್ಯಾ, ಎರಡು ಆಮೆ, ಅವನು ಒಂದು ಕೈ ಬಿಟ್ಟು ಹಣೆ ಮುಟ್ಟಿಕೊಳ್ಳುತ್ತಾನೆ, ಅರೇ ಇದು ಲಕ್ಷ್ಮಿ, ಮನೆಯಿಂದ ಆಚೆ ಕಳಿಸಬಾರದು, ಕಳಿಸಲೇಬೇಕು ಅಂದರೆ ಜಮುನಾಜಿಗೆ ಬಿಡಿ, ಆಕೆಯ ವಾಹನವೇ ಇದು, ಪುಣ್ಯ ಬರುತ್ತೆ — ಹಾಂ ಭಯ್ಯಾ ಅಂದೆ, ದಿಲ್ಲಿಯ ಯಮುನೆಯ ಆ ಕಪ್ಪು ನೀರು, ಅದರ ಮೇಲೆ ತೇಲುವ ಬಿಳಿ ನೊರೆ, ಅಲ್ಲಿಗೆ ಬಿಟ್ಟು ಬರುವ ಪುಣ್ಯ ಯಾರಿಗೆ ಬೇಕು. ಇವತ್ತು ಶನಿವಾರ, ಮಂಗಳವಾರ ನನ್ನ ರೈಲು, ಬುಧವಾರ ಅಲ್ಲ ಗುರುವಾರ ಬೆಳಿಗ್ಗೆ ಧಾರವಾಡ, ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಲವತ್ತಾರು ವರ್ಷದ ಒಬ್ಬಳು ಸೂಟ್‌ಕೇಸ್ ಹಿಡಿದು ನಿಲ್ಲುತ್ತಾಳೆ, ವಾರ್ಡನ್ ನನ್ನನ್ನು ಯಾವುದೋ ಹುಡುಗಿಯ ತಾಯಿ ಅಂದುಕೊಳ್ಳುತ್ತಾಳೆ, ಅಂದುಕೊಳ್ಳಲಿ.

ಹನ್ನೊಂದು ವರ್ಷದ ಹಿಂದೆ ಐಎನ್‌ಎ ಮಾರುಕಟ್ಟೆಗೆ ಹೋಗಿದ್ದದ್ದು ಬ್ಯಾಡಗಿ ಮೆಣಸಿನಕಾಯಿ ತರಲು, ಪಕ್ಕದ ಅಂಗಡಿಯಲ್ಲಿ ಗಾಜಿನ ಬಟ್ಟಲಿನಲ್ಲಿ ಐದು ರೂಪಾಯಿ ನಾಣ್ಯದಷ್ಟಗಲದ ಎರಡು ಹಸಿರು ಬಿಲ್ಲೆ, ಬಿಲ್ಲೆಗೆ ಕಾಲು ಬಂದು ಓಡಾಡುತ್ತಿತ್ತು, ಶ್ರೇಯಸ್ ಅಲ್ಲಿಂದ ಕದಲಲಿಲ್ಲ, ಎಷ್ಟು ದೊಡ್ಡದಾಗುತ್ತೆ ಅಂತ ನಾನು ಕೇಳಿದೆ, ಇಷ್ಟೇ ಇರುತ್ತೆ ಬೆಹೆನ್‌ಜೀ ಅಂದ ಅಂಗಡಿಯವನು. ಇಷ್ಟೇ. ಬೀದಿಬದಿಯ ಮೋಮೋ ಕಡುಬಿನ ಹಾಗೆ ದುಂಡಗಿದ್ದದ್ದು ಮೋಮೋ, ಪಕ್ಕದಲ್ಲಿ ಕೆಂಪು ಜಾಸ್ತಿ ಇದ್ದದ್ದು ಚಟ್ನಿ, ಮೋಮೋ ಇದ್ದ ಮೇಲೆ ಚಟ್ನಿ ಬೇಕಲ್ಲ ಮಮ್ಮಾ, ಅಂದಿದ್ದ ಶ್ರೇಯಸ್. ಬಟ್ಟಲು ಹೋಗಿ ಗಾಜಿನ ಪೆಟ್ಟಿಗೆ ಬಂತು, ಪೆಟ್ಟಿಗೆ ಸಾಲದೆ ಹಳೆ ಕೂಲರಿನ ಕೆಳಗಿನ ತಟ್ಟೆ, ಅದೂ ಸಾಲದೆ ಆರ್.ಕೆ.ಪುರಂ ಕ್ವಾರ್ಟರ್ಸಿನ ಹಿಂದಿನ ಬಾಲ್ಕನಿಯ ಅರ್ಧ ಜಾಗ ತಿಂದ ದೊಡ್ಡ ನೀಲಿ ತೊಟ್ಟಿ, ಮೋಮೋ ಊಟದ ತಟ್ಟೆಯಷ್ಟಾದಳು, ಎತ್ತಿದರೆ ಎರಡು ಕಿಲೋ, ಚಟ್ನಿ ಅವಳ ಅರ್ಧ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಒಂದೂವರೆ ಗಂಟೆಯಲ್ಲಿ ಕುಕ್ಕರ್, ಬಟ್ಟೆ, ಶ್ರೇಯಸ್‌ನ ಡಬ್ಬಿ, ಇವರ ಡಬ್ಬಿ, ಆಮೆಯ ನೀರು, ಆಮೇಲೆ ಓಖ್ಲಾದ ಕೆಲಸಕ್ಕೆ ಬಸ್ಸು. ಮೊಟ್ಟೆಯನ್ನೂ ಮುಟ್ಟದ ಮನೆಯವಳು ನಾನು, ಒಣಸಿಗಡಿಯ ಡಬ್ಬಿ ತೆರೆದಾಗ ಉಸಿರು ಹಿಡಿದು ಎಡಗೈಯಲ್ಲಿ ಹಾಕುತ್ತಿದ್ದೆ, ಮೊದಲ ವರ್ಷ ಎಡಗೈ, ಆಮೇಲೆ ಯಾವ ಕೈ ಅನ್ನುವುದೇ ಮರೆತುಹೋಯಿತು. ಕೊಳೆ ನೀರನ್ನು ಮಗ್ಗಿನಿಂದ ತೋಡಿ ತೋಡಿ ಕರಿಬೇವಿನ ಕುಂಡಕ್ಕೆ ಹಾಕುತ್ತಿದ್ದೆ, ಆ ಕರಿಬೇವು ನನ್ನ ತಲೆಯೆತ್ತರ ಬೆಳೆಯಿತು, ಇಡೀ ಬ್ಲಾಕಿಗೆ ಒಗ್ಗರಣೆ ಅದರದ್ದೇ. ಎರಡು ವರ್ಷದ ಹಿಂದೆ ಶ್ರೇಯಸ್ ಇಂಜಿನಿಯರಿಂಗ್ ಓದಲು ಜೈಪುರಕ್ಕೆ ಹೊರಟಾಗ ಅವನ ಸ್ನೇಹಿತ ಕೇಳಿದ, ತೇರೇ ಕಛುವೋಂ ಕಾ ಕ್ಯಾ ಹೋಗಾ, ನಿನ್ನ ಆಮೆಗಳ ಗತಿ ಏನು ಅಂತ, ಬಾಗಿಲಲ್ಲಿ ಶೂ ಕಟ್ಟುತ್ತಾ ತಲೆ ಎತ್ತದೆ ಇವನಂದ, ಮಮ್ಮಾ ಹೈ ನಾ. ನನಗೆ ಸಿಟ್ಟು ಬರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಗಿತ್ತು, ಅಮ್ಮ ಇದ್ದಾಳಲ್ಲ, ಎಷ್ಟು ನಂಬಿಕೆಯ ಮಾತು, ಗೋಡೆ ಇದೆಯಲ್ಲ ಅಂದ ಹಾಗೆ.

ನೆಲ್ಸನ್ ಮಂಡೇಲಾ ರಸ್ತೆಗೆ ತಿರುಗಿದ ಕೂಡಲೇ ಗಾಳಿ ತಂಪು, ಎರಡೂ ಕಡೆ ಕೀಕರ್ ಮುಳ್ಳುಮರ, ತಲೆ ಮೇಲೆ ಇಳಿಯುತ್ತಿರುವ ವಿಮಾನ, ಹೊಟ್ಟೆಯ ಚಕ್ರ ಕಾಣುವಷ್ಟು ಕೆಳಗೆ. ಓಖ್ಲಾದ ಉಡುಪಿನ ಕಾರ್ಖಾನೆಯಲ್ಲಿ ಸ್ಯಾಂಪಲ್ ವಿಭಾಗ, ಹತ್ತೊಂಬತ್ತು ವರ್ಷ, ಹೊರದೇಶದ ಹೆಂಗಸರ ಫ್ರಾಕುಗಳಿಗೆ ಮೊದಲ ಹೊಲಿಗೆ ನನ್ನ ಮೇಜಿನಲ್ಲಿ, ಸಂಜೆ ಮೇಜಿನ ಕೆಳಗೆ ರಾಶಿ ಬೀಳುವ ಚಿಂದಿ, ಅದರಲ್ಲಿ ಚೌಕ ಚೌಕ ಆರಿಸಿ ಚೀಲದಲ್ಲಿ ತರುತ್ತಿದ್ದೆ, ಏನು ಮಾಡ್ತೀಯ ಇದನ್ನ ಅಂತ ಇವರು ಕೇಳುತ್ತಿದ್ದರು, ಗೊತ್ತಿಲ್ಲ ಅನ್ನುತ್ತಿದ್ದೆ, ಹಾವೇರಿಯಲ್ಲಿ ನಮ್ಮವ್ವ ಕೌದಿ ಹೊಲಿಯುವಾಗ ಹೇಳುತ್ತಿದ್ದಳು, ಚಿಂದಿ ಅಂತ ಚೆಲ್ಲಬ್ಯಾಡವಾ, ಒಂದೊಂದು ತುಂಡಿಗೂ ಒಂದೊಂದು ಮನಿ ಗೊತ್ತಿರತೈತಿ. ಆ ಮಾತೇ ಈಗ ನನ್ನ ಸಂಶೋಧನೆಯ ವಿಷಯ, ಕೌದಿ ಹೊಲಿಯುವ ಹೆಂಗಸರು, ಕೇಳಿದರೆ ನಗು ಬರುತ್ತದೆ, ದೂರಶಿಕ್ಷಣದಲ್ಲಿ ಎಂ.ಎ. ಮಾಡಿದ್ದು ಬಸ್ಸಿನಲ್ಲಿ ಓದಿ, ಸಂದರ್ಶನದಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರಾದ ಪ್ರೊಫೆಸರು ಕೇಳಿದರು, ಇಷ್ಟು ವರ್ಷ ಏನು ಮಾಡಿದಿರಿ, ಹೊಲಿದೆ ಸರ್ ಅಂದೆ, ಅವರು ನಕ್ಕರು, ನಾನು ನಗಲಿಲ್ಲ. ಪಿಎಚ್‌ಡಿ ಪ್ರವೇಶದ ಪತ್ರ ಬಂದ ದಿನ ಮಲ್ಲಿಕಾರ್ಜುನ ಅವರು, ಅಂದರೆ ನಮ್ಮ ಯಜಮಾನರು — ಇಪ್ಪತ್ತೆರಡು ವರ್ಷದಿಂದ ಸಚಿವಾಲಯದ ಕಡತ ಓದಿ ಓದಿ ಯಾವ ಕಾಗದವನ್ನೂ ಎರಡು ಸಲ ಓದುವ ಅಭ್ಯಾಸ — ಎರಡು ಸಲ ಓದಿದರು, ಮಡಚಿ ಲಕೋಟೆಗೆ ಹಾಕಿದರು, ಧಾರವಾಡದಲ್ಲಿ ಮಳೆ ಜಾಸ್ತಿ, ಒಳ್ಳೆ ಕೊಡೆ ತಗೋ ಅಂದರು. ಅಷ್ಟೇ. ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ, ಮಾರನೆಯ ದಿನ ಚಹಾ ಕುಡಿಯುತ್ತಾ ಬಾಲ್ಕನಿ ಕಡೆ ನೋಡಿ, ಆಮೆಗಳನ್ನ ಯಾರು ನೋಡ್ಕೋತಾರೆ ಅಂದರು, ಅದೇ ಪ್ರಶ್ನೆ ಆಗಲೇ ನನ್ನೊಳಗೆ ಕೂತಿತ್ತು ಮತ್ತು ಅದು ಕೂತಿದ್ದಕ್ಕೆ ನನಗೆ ಒಂದು ಥರದ ನೆಮ್ಮದಿಯೂ ಇತ್ತು, ಇದು ಯಾರಿಗೂ ಹೇಳದ ಮಾತು, ಆಮೆಗಳಿಗೆ ಜಾಗ ಸಿಗದಿದ್ದರೆ ಹೋಗದೆ ಇರಬಹುದು ಅನ್ನುವ ನೆಮ್ಮದಿ. ಹೋದ ಸಲ ಸೀಟು ಸಿಕ್ಕಾಗ ಇವರ ಬೆನ್ನಿನ ಆಪರೇಷನ್ ಅಂತ ಬಿಟ್ಟೆ, ಅದಕ್ಕೂ ಮೊದಲು ಶ್ರೇಯಸ್‌ನ ಹನ್ನೆರಡನೇ ಕ್ಲಾಸು ಅಂತ ಅರ್ಜಿಯನ್ನೇ ಹಾಕಲಿಲ್ಲ, ಎರಡೂ ನಿಜವಾದ ಕಾರಣಗಳೇ, ಕಾರಣಗಳು ಯಾವಾಗಲೂ ನಿಜವೇ ಆಗಿರುತ್ತವೆ.

ಶ್ರೇಯಸ್‌ನ ಹಳೆಯ ಶಾಲೆಯ ಜೀವಶಾಸ್ತ್ರದ ಮೇಡಮ್ಮಿಗೆ ಫೋನ್ ಮಾಡಿದೆ, ಪ್ರಯೋಗಾಲಯದಲ್ಲಿ ಜಾಗ ಇಲ್ಲ ಅಂದರು, ಮೃಗಾಲಯದಲ್ಲಿ ಇದನ್ನೆಲ್ಲ ತಗೊಳ್ಳಲ್ಲ ಅಂದರು, ಮೀನಿನ ಅಂಗಡಿಯವನು ತಗೋತೀನಿ ಅಂದ ಆದರೆ ಅವನು ತೋರಿಸಿದ ಡಬ್ಬಿಯಲ್ಲಿ ಮೋಮೋ ತಿರುಗಿಕೊಳ್ಳಲೂ ಆಗುವುದಿಲ್ಲ. ಶ್ರೇಯಸ್‌ಗೆ ಫೋನಿನಲ್ಲಿ ಹೇಳಿದೆ, ಮಮ್ಮಾ ನೀವು ಪಿಎಚ್‌ಡಿ, ವಾವ್, ಲೇಕಿನ್ ಮೋಮೋ-ಚಟ್ನಿ ಕಾ ಕ್ಯಾ ಅಂದ, ನಾನಂದೆ ನೀನೇ ಹೇಳಪ್ಪ, ನಿನ್ನವಲ್ಲವಾ, ಹಾಸ್ಟೆಲ್ ಮೇ ಅಲೌ ನಹೀಂ ಹೈ ಮಮ್ಮಾ, ನನ್ನ ಹಾಸ್ಟೆಲಿನಲ್ಲೂ ಇಲ್ಲ ಕಣೋ — ಆಗ ಇಬ್ಬರೂ ನಕ್ಕೆವು, ತಾಯಿ ಮಗ ಇಬ್ಬರೂ ಹಾಸ್ಟೆಲಿನವರು. ಮೂರು ದಿನ ಬಿಟ್ಟು ಅವನೇ ಫೋನ್ ಮಾಡಿ, ಯಾವುದಾದರೂ ಪಾರ್ಕಿನ ಕೆರೆಗೆ ಬಿಡಿ ಮಮ್ಮಾ, ಸಬ್ ಛೋಡ್‌ತೇ ಹೈಂ, ಎಲ್ಲರೂ ಬಿಡ್ತಾರೆ, ಅಂದ. ಒಂದು ಭಾನುವಾರ ಕೆರೆ ನೋಡಲು ಹೋಗಿಯೂ ಬಂದೆ, ದಡದ ಕಲ್ಲಿನ ಮೇಲೆ ಸಾಲಾಗಿ ಬಿಸಿಲಿಗೆ ಕೂತಿದ್ದವು, ಎಲ್ಲವಕ್ಕೂ ಕೆನ್ನೆಯ ಮೇಲೆ ಕೆಂಪು ಪಟ್ಟೆ, ಅಷ್ಟು ಮನೆಗಳಿಂದ ಅಷ್ಟು ಮಕ್ಕಳು ಬಿಟ್ಟುಹೋದವು, ಒಳ್ಳೆಯದೇ ಅನಿಸಿತು, ಸಂಗಡಿಗರಿದ್ದಾರೆ ಅನಿಸಿತು. ಕನ್ನಡ ಸಂಘದಲ್ಲಿ ಪರಿಚಯವಾದ ಮಾಚಮ್ಮ ಆಂಟಿಗೆ ಇದನ್ನೇ ಫೋನಿನಲ್ಲಿ ಹೇಳಿದ್ದು, ಕೊಡಗಿನವರು, ಗಂಡ ಸೈನ್ಯದಲ್ಲಿದ್ದರು, ಈಗಿಲ್ಲ, ಆಂಟಿ ಮೂವತ್ತು ವರ್ಷ ಸೈನಿಕರ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವರು, ಅವರು ತಡೆದರು, ಕೆರೆಗೆ ಬಿಟ್ರೆ ಅವು ಸಾಯಲ್ಲ ಉಷಾ, ಅಲ್ಲಿರೋದನ್ನ ಸಾಯಿಸ್ತಾವೆ, ಹೊರದೇಶದ ತಳಿ ಅದು, ನಮ್ಮ ಆಮೆ, ಮೀನಿನ ಮೊಟ್ಟೆ, ಯಾವುದನ್ನೂ ಉಳಿಸಲ್ಲ, ಬೇಡ, ನನ್ನ ಹತ್ರ ಒಂದು ಕೊಳ ಇದೆ, ಶನಿವಾರ ತಗೊಂಡು ಬಾ. ಫೋನ್ ಇಟ್ಟೆ, ಹೋಗದಿರಲು ಇನ್ನು ಕಾರಣ ಉಳಿದಿಲ್ಲ.

ವಸಂತ್ ಕುಂಜ್, ನೆಲಮಹಡಿ, ಗೇಟಿನಲ್ಲಿ ಆಂಟಿಯೇ ನಿಂತಿದ್ದಾರೆ, ಕಾಲಿಗೆ ಗಂಬೂಟು, ಕಿವಿಯಲ್ಲಿ ಮುತ್ತಿನ ಓಲೆ, ಟಬ್ಬಿನ ಒಂದು ಹಿಡಿ ಅವರು ಒಂದು ಹಿಡಿ ನಾನು ಹಿಡಿದು ಮನೆ ಹಿಂದಿನ ತುಂಡು ಜಾಗಕ್ಕೆ ಹೋದೆವು, ಸಿಮೆಂಟಿನ ಕೊಳ, ಸುತ್ತ ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಬೆಕ್ಕು ಹದ್ದು ಬರದ ಹಾಗೆ ಮೇಲೆ ಬಲೆ, ಒಂದು ಬದಿಗೆ ಬರೀ ಮರಳುಮಣ್ಣು, ಒಂದು ನಿಂಬೆ ಗಿಡ. ನೀರಲ್ಲಿ ನಾಲ್ಕು ತಲೆ. ನೋಡು, ಅದು ಮಣಿಪಾಲ, ಅದು ಪುಣೆ, ಆ ಕಪ್ಪಗಿರೋದು ಲಂಡನ್, ಮೂಲೇದು ಭುವನೇಶ್ವರ, ಅಂದರು ಆಂಟಿ, ಮಕ್ಕಳು ಯಾವ ಊರಿಗೆ ಓದೋಕೆ ಹೋದ್ರೋ ಆ ಹೆಸರು, ಇಲ್ಲಾಂದ್ರೆ ನನಗೆ ನೆನಪಿರಲ್ಲ, ನಿನ್ನ ಮಗ ಎಲ್ಲಿ ಹೇಳಿದೆ, ಜೈಪುರ ಅಲ್ವಾ. ಅವನು ಹೋಗಿ ಎರಡು ವರ್ಷ ಆಯ್ತು ಆಂಟಿ, ಈಗ ಹೋಗ್ತಿರೋಳು ನಾನು, ಧಾರವಾಡಕ್ಕೆ, ಓದೋಕೆ. ಆಂಟಿ ಟಬ್ಬು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು, ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿಯನ್ನು ನೋಡುವ ಹಾಗೆ, ಅಚ್ಛಾ ಅಂದರು, ಇನ್ನೊಂದು ಸಲ ಅಚ್ಛಾ, ಹಾಗಾದ್ರೆ ಇದು ಧಾರವಾಡ. ಟವೆಲ್ ತೆಗೆದರು, ಮೋಮೋವನ್ನು ಎತ್ತಿ ಹೊಟ್ಟೆ ನೋಡಿದರು, ಕುತ್ತಿಗೆಯ ಚರ್ಮ ನೋಡಿದರು, ಅಲ್ಲಲ್ಲಿ ಹಳೇ ಗಾಯದ ಬಿಳಿ ಕಲೆ, ಇದೇನು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ, ಆಮೇಲೆ ಚಟ್ನಿಯ ಉದ್ದನೆಯ ಉಗುರು ಹಿಡಿದು, ಓ, ಇದು ಗಂಡು, ಗಂಡು ಬೇಡಮ್ಮ, ನನ್ನವು ನಾಲ್ಕೂ ಹೆಣ್ಣು. ಎರಡೂ ತುಂಬ ಹೊಂದಿಕೊಂಡಿವೆ ಆಂಟಿ, ಅವನು ದಿನಾ ಅವಳ ಮುಖದ ಮುಂದೆ ಉಗುರು ಆಡಿಸಿ ಆಟ ಆಡ್ತಾನೆ ಅಂದೆ, ಆಂಟಿ ನಗಲಿಲ್ಲ, ಅದು ಆಟ ಅಲ್ಲ ಉಷಾ, ಬಾ ಬಾ ಅಂತ ಪೀಡಿಸೋದು, ಬರದಿದ್ರೆ ಕಚ್ಚೋದು, ಹೊಂದಿಕೊಂಡಿಲ್ಲ, ಒಂದೇ ತೊಟ್ಟೀಲಿ ಇದ್ವು ಅಷ್ಟೆ, ಅವನದೇನೂ ತಪ್ಪಿಲ್ಲ, ಅವನಿಗೂ ಹೋಗೋಕೆ ಬೇರೆ ಜಾಗ ಇರ್ಲಿಲ್ವಲ್ಲ. ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ನೋಡಿದ್ದೇನೆ, ಫೋಟೋ ತೆಗೆದಿದ್ದೇನೆ, ನೋಡ್ರೀ ಎಷ್ಟು ಪ್ರೀತಿ ಅಂತ ಇವರಿಗೆ ತೋರಿಸಿದ್ದೇನೆ.

ಮೋಮೋವನ್ನು ಮರಳಿನ ಮೇಲೆ ಇಟ್ಟೆವು, ಕಲ್ಲಿನ ಹಾಗೆ ಇದ್ದಳು, ಆಂಟಿ ಕಾಫಿ ತಂದರು, ಕೊಡಗಿನದ್ದು ಅಂದರು, ಕುಡಿಯುತ್ತಾ ನೋಡುತ್ತಾ ಕೂತೆವು, ಮೊದಲು ಮೂಗು ಬಂತು, ಆಮೇಲೆ ಕುತ್ತಿಗೆ, ನಾಲ್ಕು ಕಾಲು, ನೀರಿಗೆ ಹೋಗುತ್ತಾಳೆ ಅಂದುಕೊಂಡೆ, ಹುಟ್ಟಿದಾಗಿನಿಂದ ನೀರಲ್ಲೇ ಇದ್ದವಳಲ್ಲವೇ, ನೀರಿನ ಅಂಚಿಗೆ ಹೋದವಳು ಅಲ್ಲಿಂದ ತಿರುಗಿ ನಿಂಬೆ ಗಿಡದ ಬುಡಕ್ಕೆ ನಡೆದಳು, ಮೂತಿಯನ್ನು ಮಣ್ಣಿಗೆ ಹಚ್ಚಿ ನಿಂತಳು, ಮುಂದೆ ಒಂದು ಗೇಣು, ಮತ್ತೆ ಮೂಸಿದಳು, ಆಮೇಲೆ ಗಿಡಕ್ಕೆ ಮುಖ ಮಾಡಿ ನಿಂತು ಹಿಂಗಾಲಿನಿಂದ ಅಗೆಯತೊಡಗಿದಳು. ಬಲಗಾಲು, ಒಂದು ಚಮಚದಷ್ಟು ಮಣ್ಣು ಎತ್ತಿ ಪಕ್ಕಕ್ಕೆ. ಎಡಗಾಲು, ಒಂದು ಚಮಚ. ಮಣ್ಣು ಗಟ್ಟಿಯಾದಾಗ ತನ್ನೊಳಗಿನ ನೀರನ್ನೇ ಬಿಟ್ಟು ಮೆತ್ತಗೆ ಮಾಡಿಕೊಂಡಳು, ಹಿಂದೆ ತಿರುಗಿ ನೋಡಲಿಲ್ಲ, ಒಮ್ಮೆಯೂ ನೋಡಲಿಲ್ಲ, ಬಲಗಾಲು, ಎಡಗಾಲು, ಯಾರು ಹೇಳಿಕೊಟ್ಟರು ಇವಳಿಗೆ, ನಾಣ್ಯದಷ್ಟಿದ್ದಾಗಿನಿಂದ ಪ್ಲಾಸ್ಟಿಕ್ಕು ಗಾಜು ತಗಡು ಬಿಟ್ಟು ಬೇರೆ ನೆಲ ಕಾಣದವಳಿಗೆ. ಹೊಟ್ಟೇಲಿ ಮೊಟ್ಟೆ ಇದೆ ಅಂದರು ಆಂಟಿ, ತೊಟ್ಟೀಲಿ ಇಡ್ತಿತ್ತಾ. ಇಡುತ್ತಿತ್ತು, ನೀರಿನಲ್ಲಿ, ಪ್ರತಿ ಬೇಸಿಗೆ, ಒಡೆದ ಬಿಳಿ ಚೂರು ತೇಲುತ್ತಿದ್ದವು, ಮಗ್ಗಿನಲ್ಲಿ ತೋಡಿ ಕರಿಬೇವಿಗೆ ಹಾಕಿದ್ದೆ, ಅದಕ್ಕೂ ಮುಂಚೆ ವಾರಗಟ್ಟಲೆ ತೊಟ್ಟಿಯ ಗೋಡೆಯನ್ನು ಇದೇ ಹಿಂಗಾಲಿನಿಂದ ಕೆರೆಯುತ್ತಿದ್ದಳು, ಹಸಿವು ಅಂದುಕೊಂಡು ನಾನು ಸಿಗಡಿ ಹಾಕುತ್ತಿದ್ದೆ, ತಿನ್ನುತ್ತಿರಲಿಲ್ಲ, ಎಷ್ಟು ಸೊಕ್ಕು ನೋಡು ಅಂತ ಬೈದೂ ಇದ್ದೆ. ಆಂಟಿ ಕಾಫಿ ಲೋಟ ಕೆಳಗಿಟ್ಟು ಹೇಳಿದರು, ಮರಿ ಆಗೋಕೆ ನಾನು ಬಿಡಲ್ಲ, ಮೊದಲೇ ಹೇಳಿಬಿಡ್ತೀನಿ, ಸಂಜೆ ತೆಗೆದು ಫ್ರೀಜರಿಗೆ ಹಾಕ್ತೀನಿ, ಇಲ್ಲಾಂದ್ರೆ ದಿಲ್ಲಿ ತುಂಬ ಇವೇ ಆಗ್ತಾವೆ. ಆದ್ರೆ ಅಗೆಯೋದು ಅಗೀಲಿ. ನಾನು ತಲೆಯಾಡಿಸಿದೆ, ಕಾಫಿ ತಣ್ಣಗಾಗಿತ್ತು, ಹೋಗಿ ಬರ್ತೀನಿ ಅಂತ ಅವಳಿಗೆ ಹೇಳಬೇಕೆಂದು ಬಗ್ಗಿದೆ, ಅವಳಿಗೆ ಪುರುಸೊತ್ತಿರಲಿಲ್ಲ.

ಮತ್ತೆ ಆಟೋ, ಮತ್ತೆ ಕೀಕರ್ ಮರ, ಟಬ್ಬು ಹಗುರ, ಚಟ್ನಿ ಈಗ ಕೆರೆಯುತ್ತಿಲ್ಲ, ತಲೆ ಎತ್ತಿ ಅತ್ತಿತ್ತ ನೋಡುತ್ತಿದ್ದಾನೆ, ಪಾಪ ಇವನದೇನು ತಪ್ಪು, ಇವರಿಗೆ ಫೋನ್ ಮಾಡಿದೆ, ರೀ, ಒಂದನ್ನ ವಾಪಸ್ ತರ್ತಿದ್ದೀನಿ, ಆಂಟಿ ಗಂಡು ಬೇಡ ಅಂದ್ರು, ಸಂಜೆ ಇನ್ನೆಲ್ಲಾದ್ರೂ ಕೇಳ್ತೀನಿ, ಸೋಮವಾರದೊಳಗೆ ಸಿಗದಿದ್ರೆ — ಸಿಗದಿದ್ದರೆ ಏನು, ಟಿಕೆಟ್ ಮುಂದಕ್ಕೆ ಹಾಕ್ತೀನಿ ಅನ್ನಲು ಬಾಯಿ ತೆರೆದೇ ಇದ್ದೆ, ಆ ಕಡೆ ಟಿವಿಯ ಸದ್ದು ನಿಂತಿತು, ಯಾವುದು ವಾಪಸ್ ಬರ್ತಿರೋದು, ಚಿಕ್ಕದು ರೀ, ಚಟ್ನಿ, ಇನ್ನೊಂದು ಅಲ್ಲಿ ಚೆನ್ನಾಗಿದೆಯಾ, ಚೆನ್ನಾಗಿದೆ, ಅಗೀತಾ ಇದೆ, ಏನು, ಏನಿಲ್ಲ, ಬಂದು ಹೇಳ್ತೀನಿ. ಅವರು, ಯಾರನ್ನೂ ಕೇಳೋದು ಬೇಡ, ವಾಪಸ್ ತಾ, ನಾನಿದ್ದೀನಲ್ಲ ಅಂದರು. ನಾನಿದ್ದೀನಲ್ಲ. ಈ ಮಾತು ಇವರ ಬಾಯಲ್ಲಿ ಎಷ್ಟು ಹೊಸದಾಗಿ ಕೇಳಿತು, ಹೊಸ ಚಪ್ಪಲಿ ಹಾಕಿಕೊಂಡವರ ನಡಿಗೆಯ ಹಾಗೆ. ಮನೆಗೆ ಬಂದಾಗ ಬನಿಯನ್ನಿನಲ್ಲಿ ಬಾಲ್ಕನಿಯಲ್ಲಿ ನಿಂತಿದ್ದರು, ತೊಟ್ಟಿಯನ್ನು ಬ್ರಶ್ಶಿನಿಂದ ಉಜ್ಜಿ, ಬೆಳಿಗ್ಗೆ ಬಕೆಟ್ಟಿಗೆ ಹಿಡಿದಿಟ್ಟ ನಲ್ಲಿ ನೀರು ತುಂಬಿಸಿಬಿಟ್ಟಿದ್ದಾರೆ, ಅಯ್ಯೋ ರೀ, ನಲ್ಲಿ ನೀರನ್ನ ಒಂದು ದಿನ ಇಟ್ಟು ಹಾಕಬೇಕು, ಔಷಧಿ ಇರತ್ತೆ ಅದರಲ್ಲಿ, ಹೌದಾ, ನೀನು ಹೇಳೇ ಇಲ್ಲವಲ್ಲ, ನೀವು ಕೇಳೇ ಇಲ್ಲವಲ್ಲ — ಇಬ್ಬರೂ ಅಲ್ಲಿಗೇ ಬಿಟ್ಟೆವು. ಕಚ್ಚುತ್ತಾ ಅಂತ ಕೇಳಿದರು, ಕಚ್ಚಬಹುದು, ಹಿಂದಿನಿಂದ ಹಿಡೀರಿ, ಎರಡೂ ಕೈಯಲ್ಲಿ, ಊಟದ ಡಬ್ಬಿ ಹಿಡಿದ ಹಾಗೆ ಹಿಡಿದರು, ಬೆನ್ನು ಬಗ್ಗಿಸಲು ಹೆದರಿ ಮೊಣಕಾಲೂರಿ ಕೂತರು, ಚಟ್ನಿ ನಾಲ್ಕೂ ಕಾಲಿನಿಂದ ಗಾಳಿಯಲ್ಲಿ ಈಜುತ್ತಿದ್ದ, ಏಯ್ ಸುಮ್ಮನಿರೋ ಅಂದರು, ಅವನಿಗೆ. ಮೊದಲ ಸಲ ಅವನ ಜೊತೆ ಮಾತಾಡಿದ್ದು.

ಒಳಗೆ ಬಂದು ಸೂಟ್‌ಕೇಸಿನ ಮುಂದೆ ಕೂತೆ, ಹತ್ತಿ ಸೀರೆ ನಾಲ್ಕು, ಸ್ವೆಟರ್ ಬೇಡ, ಅಲ್ಲಿಯ ಚಳಿಗೆ ಶಾಲು ಸಾಕು, ಚಿಂದಿಯ ಚೀಲವನ್ನು ಒಯ್ಯಬೇಕೋ ಬೇಡವೋ, ಹಾಸ್ಟೆಲಿನ ಕೋಣೆಯಲ್ಲಿ ಇನ್ನೊಂದು ಹುಡುಗಿ ಇರುತ್ತಾಳಂತೆ, ಅವಳಿಗೆ ನನ್ನ ಗೊರಕೆ ತೊಂದರೆಯಾದರೆ, ಶ್ರೇಯಸ್‌ಗೆ ಮೋಮೋದ ಫೋಟೋ ಕಳಿಸಬೇಕು, ಫೋಟೋ ತೆಗೆಯಲೇ ಇಲ್ಲ, ನೋಡುತ್ತಾ ಕೂತು ಮರೆತೆ, ಹೇಗೆ ಹೇಳುವುದು ಅವನಿಗೆ, ನಿನ್ನ ಮೋಮೋ ಹೆಸರು ಈಗ ಧಾರವಾಡ ಅಂತ, ನಗುತ್ತಾನೆ, ಸಂಜೆ ಆಂಟಿ ಮಣ್ಣು ಬಗೆದು ಮೊಟ್ಟೆ ತೆಗೆಯುತ್ತಾರೆ, ಅಷ್ಟು ಹೊತ್ತಿಗೆ ಅವಳು ಮುಚ್ಚಿ ನೀರಿಗೆ ಹೋಗಿರುತ್ತಾಳೆ, ಅವಳಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಏನು — ಬಲಗಾಲು, ಒಂದು ಚಮಚ ಮಣ್ಣು — ಬಾಲ್ಕನಿಯಿಂದ ಇವರು ಕೇಳುತ್ತಿದ್ದಾರೆ, ಉಷಾ, ದಿನಕ್ಕೆ ಎಷ್ಟು ಸಲ ಹಾಕಬೇಕು ಇದಕ್ಕೆ, ಒಂದು ಸಲ ರೀ, ಬೆಳಿಗ್ಗೆ, ಕೊಡೆ ಎಲ್ಲಿಟ್ಟೆ, ಪ್ರವೇಶದ ಪತ್ರ, ಅಂಕಪಟ್ಟಿ, ಫೋಟೋ ನಾಲ್ಕು — ಎಡಗಾಲು — ಸೀರೆಯ ಮಡಿಕೆ ಕೈಯಲ್ಲೇ ಇದೆ, ಮಡಚುತ್ತಿಲ್ಲ, ನಿಂಬೆ ಗಿಡದ ಬುಡ, ಒದ್ದೆ ಮಣ್ಣು, ಹಿಂದೆ ತಿರುಗಿ ನೋಡದೆ, ತಾನು ಅಗೆಯುವ ಗುಂಡಿ ತನಗೇ ಕಾಣದೆ, ಬಲಗಾಲು, ಎಡಗಾಲು, ಬಲಗಾಲು.